ಗುರುಗಳ ಅಪ್ಪಣೆಯಿಲ್ಲದೆ ಬದುಕಲು ಕಲಿಯುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಗುರುಗಳನ್ನು ಬಿಡಬೇಕೆಂದು ತೀರ್ಮಾನಿಸಿದವರು ಮೊದಲು ಮಾಡುವ ಕೆಲಸ ಯಾವುದು ಗೊತ್ತೇ? ಗುರುಗಳ ಬಳಿಗೆ ಹೋಗಿ, ಬಿಡಲು ಅಪ್ಪಣೆ ಕೇಳುವುದು. ನಗಬೇಡಿ, ನಾನೂ ಅದನ್ನೇ ಮಾಡಿದ್ದೆ. "ಇನ್ನೂ ಸಮಯ ಬಂದಿಲ್ಲ" ಎಂಬ ಉತ್ತರ ಬಂತು. ಮತ್ತೆ ನಾಲ್ಕು ವರ್ಷ ಅಲ್ಲೇ ಇದ್ದೆ.

ನನಗೆ ಬರೆಯುವವರು, ಲಾಲ್‌ಬಾಗಿನ ಬೆಳಗಿನ ನಡಿಗೆಯಲ್ಲಿ ನಿಲ್ಲಿಸಿ ಮಾತನಾಡಿಸುವವರು, ಎಲ್ಲರೂ ಎಡವುವುದು ಒಂದೇ ಕಲ್ಲಿಗೆ. ಒಂದು ದಿನ ಸಿಟ್ಟಿನಲ್ಲಿ ಎದ್ದು ಬರುತ್ತಾರೆ. ಮೂರು ತಿಂಗಳಲ್ಲಿ ಇನ್ನೊಬ್ಬರ ಸತ್ಸಂಗದಲ್ಲಿ ಕೂತಿರುತ್ತಾರೆ, ಇಲ್ಲವೇ ಹಣ್ಣಿನ ಬುಟ್ಟಿ ಹಿಡಿದು ಹಳೆಯ ಜಾಗಕ್ಕೇ ಮರಳಿರುತ್ತಾರೆ. ಅವರಲ್ಲಿ ಗಟ್ಟಿತನ ಇಲ್ಲವೆಂದಲ್ಲ, ಕೆಲಸದ ಕ್ರಮ ತಪ್ಪಿರುತ್ತದೆ. ಕೊನೆಗೆ ಮಾಡಬೇಕಾದ್ದನ್ನು ಮೊದಲಿಗೆ ಮಾಡಿರುತ್ತಾರೆ. ತನ್ನ ಮೇಲಿನ ನಂಬಿಕೆ ಬ್ಯಾಂಕಿನ ಖಾತೆಯಂತೆ. ಜಮೆಯಿಲ್ಲದೆ ಚೆಕ್ ಬರೆದರೆ ವಾಪಸ್ ಬರುತ್ತದೆ. ಆದ್ದರಿಂದ ಇಲ್ಲಿನ ಏಳು ಹಂತಗಳಲ್ಲಿ ಆರು ಜಮೆ ಮಾಡುವುದಕ್ಕೆ. ಏಳನೆಯದು ಮಾತ್ರ ಹೊರಗೆ ಕಾಲಿಡುವುದಕ್ಕೆ.

ಗುರು ಇರುವುದು ಕಾಯಿಲೆಯಲ್ಲ. ವಾರಕ್ಕೊಮ್ಮೆ ಗೀತೆಯ ಪಾಠಕ್ಕೆ ಹೋಗಿ ಬರುವವರಿಗೆ ಇದು ಬೇಕಿಲ್ಲ. ಮಗಳನ್ನು ಯಾವ ಶಾಲೆಗೆ ಸೇರಿಸಬೇಕು, ಫ್ರಿಜ್ಜನ್ನು ಯಾವ ವಾರ ಮನೆಗೆ ತರಬೇಕು ಎಂದು ಅವರನ್ನು ಕೇಳದೆ ನಿಮ್ಮ ಕೈ ಓಡದಿದ್ದರೆ ಮುಂದೆ ಓದಿ.

ಬೇಕಾಗುವ ಸಾಮಗ್ರಿ

200 ಪುಟದ ಗೆರೆಯ ನೋಟ್‌ಬುಕ್ ಒಂದು. ಮೊಬೈಲಿನಲ್ಲಿ ಬರೆದುಕೊಳ್ಳುತ್ತೇನೆ ಎನ್ನಬೇಡಿ. ಅಲ್ಲಿ ಹಳೆಯದನ್ನು ಸದ್ದಿಲ್ಲದೆ ತಿದ್ದಬಹುದು, ತಿದ್ದಿಯೇ ತಿದ್ದುತ್ತೀರಿ. ಹಿಂದಿನ 12 ತಿಂಗಳ ಬ್ಯಾಂಕ್ ವಿವರ. ಸತ್ಸಂಗದ ಹೊರಗಿನ ಒಬ್ಬರು: ಕಚೇರಿಯ ಗೆಳೆಯರೋ, ಚಿಕ್ಕಮ್ಮನೋ, ಯಾರಾದರೂ ಸರಿ. ಅವರು ನಿಮ್ಮ ಗುರುಗಳ ದ್ವೇಷಿಯಾಗಿದ್ದರೆ ಮಾತ್ರ ಬೇಡ. ಇಷ್ಟರ ಜೊತೆಗೆ ಸುಮಾರು ಒಂದು ವರ್ಷ. ಎರಡೇ ವಾರದಲ್ಲಿ ಮುಗಿಸುವ ಅವಸರವಿದ್ದರೆ ಇದನ್ನು ಶುರು ಮಾಡುವುದೇ ಬೇಡ.

ಹಂತ 1: ಏನನ್ನು ಕೇಳುತ್ತಿದ್ದೀರಿ ಎಂದು ಪಟ್ಟಿ ಮಾಡಿ (14 ದಿನ)

ಈ ಹದಿನಾಲ್ಕು ದಿನ ಏನನ್ನೂ ಬದಲಿಸಬೇಡಿ. ಕೇಳುವುದನ್ನು ಕೇಳಿ, ಹೋಗುವಲ್ಲಿಗೆ ಹೋಗಿ. ಗುರುಗಳನ್ನು ಏನಾದರೂ ಕೇಳಿದಾಗ, ಅಥವಾ ಕೇಳಬೇಕೆನಿಸಿದಾಗ ಮೂರು ವಿಷಯ ಬರೆದಿಡಿ: ದಿನಾಂಕ, ಪ್ರಶ್ನೆ, ಕೇಳುವ ಮುಂಚೆಯೇ ನಿಮಗೆ ಹೊಳೆದಿದ್ದ ಉತ್ತರ. ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಇಡೀ ಹಂತದ ಬೆಲೆ ಅದರಲ್ಲಿದೆ.

ನೇರವಾಗಿ ಕೇಳಿದ್ದು ಮಾತ್ರ ಲೆಕ್ಕವಲ್ಲ. ತೀರ್ಮಾನಕ್ಕೆ ಮುಂಚೆ ಅವರ ಪ್ರವಚನದ ವಿಡಿಯೊ ಹುಡುಕುವುದು, ಅವರ ಪುಸ್ತಕವನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟ ಸಾಲು ಓದುವುದು, ಹೂವು ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂದು ಪಟದ ಮುಂದೆ ಕಾಯುವುದು, ಎಲ್ಲವೂ ಕೇಳಿದಂತೆಯೇ. ನನ್ನ ಪಟ್ಟಿಯಲ್ಲಿ ಎರಡು ವಾರಕ್ಕೆ 31 ಪ್ರಶ್ನೆಗಳಿದ್ದವು. ಅವುಗಳಲ್ಲಿ ಅಧ್ಯಾತ್ಮಕ್ಕೆ ಸೇರಿದ್ದು ಒಂದೇ ಒಂದು, ಜಪಕ್ಕೆ ಕೂತರೆ ನಿದ್ದೆ ಬರುತ್ತದೆ ಎಂಬುದು.

ಹದಿನೈದನೆಯ ದಿನ ಪಟ್ಟಿಯನ್ನು ಮೂರು ಗುಂಪು ಮಾಡಿ. ನಾನೇ ತೀರ್ಮಾನಿಸಬಹುದಾದದ್ದು ಒಂದು. ತಿಳಿದವರನ್ನು ಕೇಳಬೇಕಾದದ್ದು ಎರಡನೆಯದು. ಮಂಡಿನೋವಿಗೆ ಡಾಕ್ಟರು, ಖಾತೆಯ ವ್ಯಾಜ್ಯಕ್ಕೆ ವಕೀಲರು, ಸೋರುವ ತಾರಸಿಗೆ ಮೇಸ್ತ್ರಿ. ಯಾರಿಗೂ ಗೊತ್ತಿರಲು ಸಾಧ್ಯವಿಲ್ಲದ್ದು ಮೂರನೆಯದು: ತೀರಿಕೊಂಡ ಅಮ್ಮ ಈಗ ಎಲ್ಲಿದ್ದಾಳೆ, ಮಗ ಹೊರದೇಶದಿಂದ ವಾಪಸ್ ಬರುತ್ತಾನೋ ಇಲ್ಲವೋ. ಪ್ರಶ್ನೆಗಳ ಸಂಖ್ಯೆ ಮೊದಲ ಗುಂಪಿನಲ್ಲಿ ಹೆಚ್ಚು, ಸಂಕಟ ಮೂರನೆಯದರಲ್ಲಿ ಹೆಚ್ಚು. ಆ ಮೂರನೆಯ ಗುಂಪಿಗೆ ಧೈರ್ಯವಾಗಿ ಉತ್ತರ ಕೊಟ್ಟವರು ಮೊದಲೆರಡು ಗುಂಪುಗಳಲ್ಲೂ ನಮ್ಮನ್ನು ಆಳತೊಡಗುತ್ತಾರೆ. ನನಗೆ ಆದದ್ದು ಹೀಗೆಯೇ.

ಸಾಮಾನ್ಯ ತಪ್ಪು: ಈ ನೋಟ್‌ಬುಕ್ಕನ್ನು ಸತ್ಸಂಗದ ಆಪ್ತರಿಗೆ ತೋರಿಸುವುದು. ಎರಡು ದಿನದಲ್ಲಿ "ಯಾಕೋ ಮನಸ್ಸು ಚಂಚಲವಾಗಿದೆಯಂತೆ" ಎಂದು ಮೇಲಿನಿಂದ ವಿಚಾರಣೆ ಬರುತ್ತದೆ. ಆಪ್ತರು ಅದನ್ನು ಚಾಡಿ ಎಂದುಕೊಂಡಿರುವುದಿಲ್ಲ, ಸೇವೆ ಎಂದುಕೊಂಡಿರುತ್ತಾರೆ.

ಹಂತ 2: ಸಣ್ಣ ತೀರ್ಮಾನಗಳು, ಬರಹದಲ್ಲಿ (ಕನಿಷ್ಠ ಮೂರು ತಿಂಗಳು)

ಇದು ಬೆನ್ನೆಲುಬು. ಇದನ್ನು ಹಾರಿಸಿದವರಲ್ಲಿ ಒಬ್ಬರೂ ದಡ ಮುಟ್ಟಿದ್ದನ್ನು ನಾನು ನೋಡಿಲ್ಲ.

ಮೊದಲ ಗುಂಪಿನಿಂದ 2,000 ರೂಪಾಯಿ ಮೀರದ, ವಾರದೊಳಗೆ ಹಿಂದಕ್ಕೆ ತೆಗೆದುಕೊಳ್ಳಬಹುದಾದ ವಿಷಯಗಳನ್ನು ಆರಿಸಿ. ಯಾರನ್ನೂ ಕೇಳದೆ ತೀರ್ಮಾನಿಸಿ. ಆದರೆ ಕೈಹಾಕುವ ಮೊದಲು ಬರೆಯಿರಿ: ಏನು ಮಾಡುತ್ತಿದ್ದೇನೆ, ಯಾಕೆ, ಏನಾಗಬಹುದೆಂದು ಎಣಿಸಿದ್ದೇನೆ, ಯಾವ ದಿನ ಬಂದು ನೋಡುತ್ತೇನೆ. ಆ ದಿನ ಬಂದಾಗ ಕೆಳಗೆ ಆದದ್ದನ್ನು ಬರೆಯಿರಿ. ಮೇಲಿನ ಸಾಲನ್ನು ಮುಟ್ಟಬೇಡಿ.

ಮೊದಲೇ ಬರೆದಿಡಬೇಕು ಎನ್ನುವುದು ಯಾಕೆ? ಗಿರಿನಗರದಲ್ಲಿ ನಮಗೆ ಒಂದು ಬಾಡಿಗೆ ಮನೆ ಸಿಕ್ಕಿತ್ತು. ಮೊದಲ ಮಹಡಿ, ಗಾಳಿ ಬೆಳಕು ಚೆನ್ನಾಗಿತ್ತು, ಅಡುಗೆಮನೆಯ ಕಿಟಕಿಗೆ ಸಂಪಿಗೆ ಮರದ ಕೊಂಬೆ ತಾಗುತ್ತಿತ್ತು. ಬಾಗಿಲು ಮಾತ್ರ ದಕ್ಷಿಣಕ್ಕೆ. ಭಾನುವಾರದೊಳಗೆ ಮುಂಗಡ ಕೊಡಿ ಎಂದು ಮನೆಯವರು ಹೇಳಿದರು. ನಾನು ಗುರುಗಳ ಸಹಾಯಕರಿಗೆ ಸಂದೇಶ ಕಳಿಸಿ ಕಾದೆ. ಹತ್ತೊಂಬತ್ತನೆಯ ದಿನ ಉತ್ತರ ಬಂತು: "ಶುಭವಾಗಲಿ." ಅಷ್ಟರಲ್ಲಿ ಆ ಮನೆಯಲ್ಲಿ ಬೇರೆಯವರು ಹಾಲು ಉಕ್ಕಿಸಿ ವಾರವಾಗಿತ್ತು. ಮುಂದಿನ ಸತ್ಸಂಗದಲ್ಲಿ ನಾನು ಎದ್ದು ನಿಂತು, ಉತ್ತರವನ್ನು ತಡಮಾಡಿ ಗುರುಗಳು ನಮ್ಮನ್ನು ದಕ್ಷಿಣದ ಬಾಗಿಲಿನಿಂದ ಕಾಪಾಡಿದರು ಎಂದು ಹೇಳಿದೆ. ಎಲ್ಲರೂ ಕೈಮುಗಿದರು. ನಾನೂ ಮುಗಿದೆ. ನನ್ನ ಹೆಂಡತಿ ಮುಗಿಯಲಿಲ್ಲ ಎಂಬುದು ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ಮನೆ ಸಿಕ್ಕಿ ಸುಖವಾಗಿದ್ದರೆ ಗುರುಕೃಪೆ. ಸಿಕ್ಕಿ ಕಷ್ಟವಾಗಿದ್ದರೆ ನನ್ನ ಕರ್ಮ. ಸಿಗದಿದ್ದರೆ ರಕ್ಷಣೆ. ಹೇಗೆ ಬಿದ್ದರೂ ಒಬ್ಬರೇ ಗೆಲ್ಲುವ ಆಟ ಇದು, ಎದುರಿಗೆ ಕೂತವರು ಮೋಸಗಾರರೇ ಆಗಿರಬೇಕಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ್ದರು. ನಮಗೆ ಸಮಿತಿ ಬೇಕಿಲ್ಲ. ಫಲ ಬರುವ ಮುಂಚೆ ದಿನಾಂಕ ಹಾಕಿ ಬರೆದ ನಾಲ್ಕು ಸಾಲು ಸಾಕು.

ತಪ್ಪುಗಳು ಆಗುತ್ತವೆ, ಆಗಲಿ. ನನ್ನ ಮೊದಲ ಇಪ್ಪತ್ತು ತೀರ್ಮಾನಗಳಲ್ಲಿ ಆರು ಕೆಟ್ಟವು. ಆರರಲ್ಲಿ ನಾಲ್ಕನ್ನು ನಾನು ಮಾಡಿದ್ದು ರಾತ್ರಿ ಹತ್ತರ ಮೇಲೆ, ಕೈಯಲ್ಲಿ ಮೊಬೈಲ್ ಹಿಡಿದುಕೊಂಡು. ರಾತ್ರಿ ಹತ್ತರ ಮೇಲಿನ ನನ್ನನ್ನು ನಂಬಬಾರದು ಎಂದು ಅಲ್ಲಿಂದ ತಿಳಿಯಿತು. ಹನ್ನೊಂದು ವರ್ಷದ ಉಪದೇಶದಲ್ಲಿ ಯಾರೂ ಇದನ್ನು ಹೇಳಿರಲಿಲ್ಲ, ಹೇಳಲು ಅವರಿಗೆ ಗೊತ್ತಿರುವುದಾದರೂ ಹೇಗೆ? ಎಲ್ಲಿ ನಿಮ್ಮ ಲೆಕ್ಕ ಸರಿ ಬರುತ್ತದೆ, ಎಲ್ಲಿ ಸದಾ ಜಾರುತ್ತದೆ ಎಂದು ನೋಟ್‌ಬುಕ್ ತೋರಿಸುವ ತನಕ ಈ ಹಂತ ಮುಗಿದಿಲ್ಲ.

"ಒಳಗಿನ ಧ್ವನಿ ಕೇಳಿ" ಎಂದು ಬಹಳ ಮಂದಿ ಹೇಳುತ್ತಾರೆ. ಸದ್ಯಕ್ಕೆ ಕೇಳಬೇಡಿ. ವರ್ಷಗಟ್ಟಲೆ ಒಬ್ಬರ ಮಾತು ಕೇಳಿದವರ ಒಳಗಿನ ಧ್ವನಿಗೆ ಅವರದೇ ರಾಗ ಅಂಟಿಕೊಂಡಿರುತ್ತದೆ. ಗುರುತಿಸಲು ನನಗೆ ನೆರವಾದದ್ದು ಇಷ್ಟು: ಅಂಟಿಕೊಂಡ ಧ್ವನಿ ನನ್ನನ್ನು "ನೀನು" ಎಂದು ಕರೆಯುತ್ತದೆ, ಥಟ್ಟನೆ ಬರುತ್ತದೆ, ಬರುವಾಗ ಹೊಟ್ಟೆಯಲ್ಲಿ ಸ್ವಲ್ಪ ಹೆದರಿಕೆ ತರುತ್ತದೆ. ನನ್ನ ಸ್ವಂತ ಯೋಚನೆ ನಿಧಾನ, ಅದರಲ್ಲಿ ರೂಪಾಯಿ, ತಾರೀಖು, ಬಸ್ಸಿನ ವೇಳೆ ಇರುತ್ತವೆ.

ಹಂತ 3: ಹಣದ ಕೊಂಡಿ

ಬ್ಯಾಂಕ್ ವಿವರದಲ್ಲಿ ಗುರುಗಳಿಗೆ, ಆಶ್ರಮಕ್ಕೆ, ಶಿಬಿರಕ್ಕೆ ಹೋದದ್ದನ್ನೆಲ್ಲ ಒಂದೇ ಬಣ್ಣದಲ್ಲಿ ಗುರುತು ಮಾಡಿ. ಕೈಯಿಂದ ಕೊಟ್ಟ ನಗದು, ಗುರುಪೂರ್ಣಿಮೆಯ ಕಾಣಿಕೆ, ಹೂವು ಹಣ್ಣು, ಆಟೊ ಬಾಡಿಗೆ, ಶಿಬಿರಕ್ಕೆಂದು ಹಾಕಿದ ಸಂಬಳವಿಲ್ಲದ ರಜೆ, ಇವನ್ನೂ ನೆನಪಿನಿಂದ ಸೇರಿಸಿ. ಮೊತ್ತ ನೋಡಿ ಮೈ ಉರಿದರೆ ಆ ದಿನ ಏನೂ ಮಾಡಬೇಡಿ.

ಮರುದಿನ ತಾನಾಗಿ ಕಡಿತವಾಗುವುದನ್ನು ನೋಡಿ. ನೀವು ಬಳಸುವ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬ ವಿಭಾಗವಿರುತ್ತದೆ. ಒಪ್ಪಿಗೆ ಕೊಟ್ಟಿರುವ ಮಾಸಿಕ ಕಡಿತಗಳ ಪಟ್ಟಿ ಅಲ್ಲಿದ್ದು, ಅಲ್ಲೇ ರದ್ದು ಮಾಡಬಹುದು. ಖಾತೆಯಿಂದ ನೇರ ಕಡಿತಕ್ಕೆ ಸಹಿ ಹಾಕಿಕೊಟ್ಟಿದ್ದರೆ ಬ್ಯಾಂಕಿನ ಶಾಖೆಗೆ ಹೋಗಿ ಬರವಣಿಗೆಯಲ್ಲಿ ಕೇಳಿ. ಉಳಿದದ್ದನ್ನು ಒಮ್ಮೆಲೇ ಸೊನ್ನೆಗೆ ಇಳಿಸಬೇಡಿ, ಅರ್ಧಕ್ಕೆ ಇಳಿಸಿ. ಉಳಿದ ಅರ್ಧವನ್ನು ಅದೇ ತಾರೀಖಿಗೆ ನಿಮ್ಮದೇ ಆರ್‌ಡಿ ಖಾತೆಗೆ ಹಾಕುತ್ತ ಬನ್ನಿ. ಕೊಡುವ ಕೈಯ ಅಭ್ಯಾಸ ಒಂದೇ ದಿನದಲ್ಲಿ ಹೋಗುವುದಿಲ್ಲ, ಅದಕ್ಕೆ ಬೇರೆ ದಾರಿ ತೋರಿಸಬೇಕು.

ಈ ವರ್ಷ ಮುಗಿಯುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಒಡವೆ ಅಡ ಇಡಬೇಡಿ. ನಿವೇಶನವನ್ನೋ ಮನೆಯನ್ನೋ ದಾನಪತ್ರ ಮಾಡಿ ನೋಂದಾಯಿಸಿಕೊಟ್ಟರೆ, ಮನಸ್ಸು ಬದಲಾಯಿತೆಂದು ಹಿಂದಕ್ಕೆ ಕೇಳಲು ಕಾನೂನು ಬಿಡುವುದಿಲ್ಲ. ಒತ್ತಡದಲ್ಲಿ ಈಗಾಗಲೇ ಕೊಟ್ಟಿದ್ದರೆ ದಾರಿ ಪೂರ್ತಿ ಮುಚ್ಚಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 16ನೇ ಕಲಂ, ಒಬ್ಬರ ಮನಸ್ಸನ್ನು ಹಿಡಿತದಲ್ಲಿಟ್ಟುಕೊಂಡು ಪಡೆದ ಅನುಚಿತ ಲಾಭದ ಬಗ್ಗೆ ಮಾತನಾಡುತ್ತದೆ. ಪರಲೋಕದ ಪುಣ್ಯಕ್ಕೆಂದು ವೃದ್ಧನೊಬ್ಬ ತನ್ನ ಆಸ್ತಿಯನ್ನು ಗುರುವಿಗೆ ಬರೆದುಕೊಟ್ಟಿದ್ದನ್ನು ಅಲಹಾಬಾದ್ ಹೈಕೋರ್ಟು 1890ರಷ್ಟು ಹಿಂದೆಯೇ ಒಪ್ಪಲಿಲ್ಲ. ಇಂಥ ದಾವೆಗೆ ಕಾಲಮಿತಿ ಇರುವುದರಿಂದ ವಕೀಲರನ್ನು ಬೇಗ ನೋಡಿ. ಉಚಿತ ಕಾನೂನು ನೆರವಿನ ಸಹಾಯವಾಣಿ 15100. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಸಿಗುತ್ತದೆ.

ಹಂತ 4: ಗುರುವಾರದ ಸಂಜೆ

ಬಿಟ್ಟವರು ಮರಳುವುದು ಸಿದ್ಧಾಂತಕ್ಕಲ್ಲ, ಸಂಜೆ ಆರೂವರೆಗೆ. ಇಷ್ಟು ವರ್ಷ ಆ ಹೊತ್ತಿಗೆ ಭಜನೆ ಇತ್ತು, ಪರಿಚಿತ ಮುಖಗಳಿದ್ದವು, ಕೊನೆಗೆ ದೊನ್ನೆಯಲ್ಲಿ ಬಿಸಿ ಪೊಂಗಲ್ ಇತ್ತು. ಈಗ ಖಾಲಿ ಮನೆ. ಸತ್ಸಂಗವನ್ನು ತಪ್ಪಿಸುವ ಮೊದಲು ಆ ಹೊತ್ತಿಗೆ ಇನ್ನೊಂದನ್ನು ಗೊತ್ತು ಮಾಡಿಕೊಳ್ಳಿ. ಎರಡು ವಾರಕ್ಕೊಮ್ಮೆ ತಪ್ಪಿಸಿ, ಆಮೇಲೆ ತಿಂಗಳಿಗೊಮ್ಮೆ ಹೋಗಿ.

ಕೈಗೆ ಕೆಲಸವಿರುವ ವಿಷಯವೇ ಆಗಬೇಕು. ಟಿವಿ, ಪುಸ್ತಕ ಸಾಲುವುದಿಲ್ಲ. ನನ್ನ ಮೊದಲ ಖಾಲಿ ಗುರುವಾರ ಡಿಸೆಂಬರಿನಲ್ಲಿ ಬಂತು. ಗಾಂಧಿ ಬಜಾರಿನಿಂದ ಎರಡು ಕಿಲೊ ಅವರೆಕಾಯಿ ತಂದು, ಸುಲಿದು, ನೀರಿನಲ್ಲಿ ನೆನೆಸಿದೆ. ಆರೂವರೆಗೆ ಹೆಂಡತಿಯ ಎದುರು ಕೂತು ಹಿತಕಲು ಶುರು ಮಾಡಿದೆವು. ಹೆಬ್ಬೆರಳಿನಲ್ಲಿ ಒತ್ತಿದರೆ ಬೇಳೆ ಪುಟ್ಟನೆ ಹಾರಿ ಬೀಳುತ್ತದೆ, ಕೆಲವು ಪಾತ್ರೆಗೆ, ಕೆಲವು ಸೋಫಾದ ಕೆಳಗೆ. ಏಳೂಮುಕ್ಕಾಲಿಗೆ, ಅಂದರೆ ಮಂಗಳಾರತಿಯ ಹೊತ್ತಿಗೆ, ಎದೆಯಲ್ಲಿ ಏನೋ ಕಲಕಿದಂತಾಯಿತು. ಎಂಟಕ್ಕೆ ಇಳಿಯಿತು. ಬೆರಳ ತುದಿಗೆ ಸೊಗಡು ಅಂಟಿತ್ತು. ಆ ಕಲಕು ಹದಿನೈದು ನಿಮಿಷ ಮೀರುವುದಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ನಂತರದ ಗುರುವಾರಗಳಲ್ಲಿ ಆ ಸಾಲೇ ನನ್ನನ್ನು ಮನೆಯಲ್ಲಿ ಕೂರಿಸಿತು.

ಹಂತ 5: ಸಾಧನೆಯಲ್ಲಿ ಉಳಿಸಬೇಕಾದದ್ದು

ಎಲ್ಲವನ್ನೂ ಎಸೆಯಬೇಕಾಗಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರೆ, ಈಜು ಕಲಿತಿದ್ದರೆ ಅದನ್ನು ಮರೆಯಬೇಕು ಎಂದೇನೂ ಹೇಳುವುದಿಲ್ಲವಲ್ಲ. ಧ್ಯಾನವೋ ಪ್ರಾಣಾಯಾಮವೋ ನಿಮಗೆ ಹಿಡಿಸಿದ್ದರೆ ಮೂರು ವಾರ ಪಟವಿಲ್ಲದೆ, ಅವರ ಧ್ವನಿಮುದ್ರಣವಿಲ್ಲದೆ, ಬೇರೆ ಕೋಣೆಯಲ್ಲಿ ಮಾಡಿ ನೋಡಿ. ನೆಮ್ಮದಿ ಉಳಿದರೆ ಅದು ಅಭ್ಯಾಸದ ಫಲ, ನಿಮ್ಮದೇ. ಉಳಿಯದಿದ್ದರೆ ಸದ್ಯಕ್ಕೆ ಬಿಟ್ಟು ನಡಿಗೆ ಹಿಡಿಯಿರಿ.

ಜಪ ತಪ್ಪಿದರೆ ಕೆಡುಕಾಗುತ್ತದೆ ಎಂಬ ಹೆದರಿಕೆ ಹಲವರನ್ನು ಹಿಡಿದಿಟ್ಟಿರುತ್ತದೆ. ಅದಕ್ಕೂ ನೋಟ್‌ಬುಕ್ ಇದೆ. ಯಾವ ಕೆಡುಕು, ಯಾರಿಗೆ, ಎಷ್ಟು ದಿನದೊಳಗೆ ಎಂದು ಬರೆದು ತಾರೀಖು ಹಾಕಿ. ಹೆದರಿಕೆಯನ್ನು ಇಷ್ಟು ಸ್ಪಷ್ಟವಾಗಿ ಬರೆಯಲು ಹೊರಟಾಗಲೇ ಅದರ ಅರ್ಧ ಇಳಿದುಹೋಗುತ್ತದೆ.

ಹಂತ 6: ಮನೆಯವರು ಮತ್ತು ಪಟ

ಸಣ್ಣ ಹಂತ, ದೊಡ್ಡ ಜಗಳ. ದೇವರ ಮನೆಯಲ್ಲಿರುವ ಗುರುಗಳ ಪಟವನ್ನು ನಿಮ್ಮ ಧೈರ್ಯದ ಪ್ರದರ್ಶನಕ್ಕೆ ಬಳಸಬೇಡಿ. ಬಡಾವಣೆಯ ಅರಳಿಮರದ ಬುಡದಲ್ಲಿ ಗಾಜು ಒಡೆದ ಪಟಗಳ ಸಾಲು ನೋಡಿದ್ದೀರಲ್ಲ, ಅಲ್ಲಿಗೆ ಒಯ್ದು ಇಡುವುದೂ ಬೇಡ. ಪಟ ನಿಮ್ಮೊಬ್ಬರದೇ ಆಗಿದ್ದರೆ ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಡಿ. ಮನೆಯಲ್ಲಿ ಇನ್ನೊಬ್ಬರಿಗೆ ಭಕ್ತಿಯಿದ್ದರೆ ಅದು ಇದ್ದಲ್ಲೇ ಇರಲಿ.

ನಮ್ಮಮ್ಮ ಕೇಳಿದಳು: "ಅವರು ಏನು ಕೆಟ್ಟದ್ದು ಮಾಡಿದರು ಅಂತ ಬಿಡುತ್ತಿದ್ದೀಯಪ್ಪಾ?"

"ಏನೂ ಇಲ್ಲಮ್ಮ. ಎಲ್ಲದಕ್ಕೂ ಕೇಳುವುದು ಜಾಸ್ತಿಯಾಯಿತು, ಅಷ್ಟೆ."

"ನಿನ್ನ ತಂದೆ ಯಾರನ್ನೂ ಏನೂ ಕೇಳಲಿಲ್ಲ. ಅದೂ ಒಂದು ಕಷ್ಟವೇ," ಎಂದು ಅವಳು ಹೂ ಕಟ್ಟುವುದನ್ನು ಮುಂದುವರಿಸಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮತ್ತೆ ಬೀಳುವ ಹಳ್ಳ

ಆರನೆಯ ಮತ್ತು ಏಳನೆಯ ಹಂತದ ನಡುವೆ ಒಂದು ಜಾಗವಿದೆ. ಕೇಳುವ ಚಟ ಹೋಗಿರುವುದಿಲ್ಲ, ಕೇಳುವ ಜನ ಮಾತ್ರ ಬದಲಾಗಿರುತ್ತಾರೆ. ಜ್ಯೋತಿಷಿ, ಕವಡೆ, ಯೂಟ್ಯೂಬಿನ ಚಿಂತಕರು, ಈಚೆಗೆ ಮೊಬೈಲಿನ ಚಾಟ್‌ಬಾಟ್ ಕೂಡ. 1929ರಲ್ಲಿ ಜೆ. ಕೃಷ್ಣಮೂರ್ತಿ ತಮ್ಮನ್ನು ಜಗದ್ಗುರುವೆಂದು ಕಾದಿದ್ದ ಸಂಘವನ್ನು ತಾವೇ ವಿಸರ್ಜಿಸಿದರು. "ಗುರು ಬೇಡ ಎಂದು ಕೃಷ್ಣಮೂರ್ತಿಯವರೇ ಹೇಳಿದ್ದಾರೆ" ಎಂದು ಭಕ್ತಿಯಿಂದ ತಲೆಯಾಡಿಸುವವರನ್ನು ನಾನು ಜಯನಗರದ ಒಂದೇ ಕಾಫಿ ಹೋಟೆಲಿನಲ್ಲಿ ಮೂವರನ್ನು ಕಂಡಿದ್ದೇನೆ. ಈ ಬರಹವನ್ನೂ ಅಪ್ಪಣೆಯಂತೆ ಪಾಲಿಸಬೇಕಿಲ್ಲ. ನಿಮಗೆ ಒಗ್ಗದ ಹಂತದ ಮುಂದೆ ಯಾಕೆ ಒಗ್ಗದು ಎಂದು ಬರೆದು, ಬದಲಿಸಿಕೊಳ್ಳಿ.

ತಡಮಾಡದೆ ನೆರವು ಪಡೆಯಬೇಕಾದ ಸೂಚನೆಗಳು

ಎರಡು ವಾರಕ್ಕೂ ಹೆಚ್ಚು ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ, ಇಲ್ಲದ ಧ್ವನಿ ಕೇಳಿಸಿದರೆ, ಬದುಕೇ ಬೇಡವೆನಿಸಿದರೆ ನೋಟ್‌ಬುಕ್ ಮುಚ್ಚಿಟ್ಟು ವೈದ್ಯರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್ ಇದ್ದೇ ಇದೆ. ಸಾಧನೆ ಸಾಕು ಎಂಬ ಮಾತು ಕೇಳಿ ಮನೋರೋಗದ ಮಾತ್ರೆಗಳನ್ನು ನಿಲ್ಲಿಸಿದ್ದರೆ ಇಂದೇ ನಿಮ್ಮ ಡಾಕ್ಟರಿಗೆ ತಿಳಿಸಿ. ಥಟ್ಟನೆ ಬಿಟ್ಟ ಮಾತ್ರೆಯ ತೊಂದರೆಯನ್ನು ಬಹಳ ಜನ ಗುರುಶಾಪವೆಂದುಕೊಂಡು ನರಳುತ್ತಾರೆ.

ಅಲ್ಲಿಂದ ಬೆದರಿಕೆ ಬಂದರೆ, ನಿಮ್ಮ ಗುಟ್ಟು ಬಯಲು ಮಾಡುತ್ತೇವೆ ಎಂದರೆ, ಮೈಮುಟ್ಟುವ ಹಿಂಸೆಯಾಗಿದ್ದರೆ ಈ ಹಂತಗಳ ಕ್ರಮ ನಿಮಗೆ ಅನ್ವಯಿಸುವುದಿಲ್ಲ. ಮೊದಲು ಹೊರಗೆ ಬನ್ನಿ, ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ, 112ಕ್ಕೆ ಕರೆ ಮಾಡಿ.

ಹಂತ 7: ಹೇಳುವುದು

ನೋಟ್‌ಬುಕ್ಕಿನಲ್ಲಿ ಕನಿಷ್ಠ ಐವತ್ತು ತೀರ್ಮಾನಗಳಾದ ಮೇಲೆ, ಅವುಗಳಲ್ಲಿ ಒಂದೆರಡಾದರೂ ದೊಡ್ಡವಾದ ಮೇಲೆ ಈ ಹಂತ. ಹಲವರಿಗೆ ಇದು ಬೇಕಾಗುವುದೇ ಇಲ್ಲ, ಹೋಗುವುದು ತಾನಾಗಿ ನಿಂತಿರುತ್ತದೆ. ಹೇಳಲೇಬೇಕೆನಿಸಿದರೆ ಎರಡು ಸಾಲು ಸಾಕು: "ನಿಮ್ಮಿಂದ ಕಲಿತದ್ದಕ್ಕೆ ಕೃತಜ್ಞ. ಇನ್ನು ಮುಂದೆ ಬರುವುದಿಲ್ಲ." ಕಾರಣ ಬರೆಯಬೇಡಿ. ಕಾರಣ ಬರೆದರೆ ಅದಕ್ಕೊಂದು ಸಮಾಧಾನ ಬರುತ್ತದೆ, ಸಮಾಧಾನಕ್ಕೆ ನೀವು ಉತ್ತರ ಬರೆಯುತ್ತೀರಿ, ಮತ್ತೆ ಗುರುವಾರ ಬರುತ್ತದೆ. ಸೇವೆಯ ಜವಾಬ್ದಾರಿ, ಬೀಗದ ಕೈ, ರಸೀದಿ ಪುಸ್ತಕ ನಿಮ್ಮಲ್ಲಿದ್ದರೆ ಲೆಕ್ಕ ಸಮೇತ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸಹಿ ಪಡೆಯಿರಿ.

ಸತ್ಸಂಗದವರು ಎದುರಾದರೆ ತಲೆ ತಪ್ಪಿಸಬೇಡಿ. ಈ ಊರಿನಲ್ಲಿ ಮದುವೆಗಳು ಇರುವ ತನಕ ಎದುರಾಗದೆ ಇರುವುದು ಸಾಧ್ಯವಿಲ್ಲ. ಹೋದ ಮಾಘದಲ್ಲಿ ಬಸವನಗುಡಿಯ ಒಂದು ಛತ್ರದಲ್ಲಿ ಗುರುಗಳೇ ಸಿಕ್ಕರು. ನಮಸ್ಕಾರ ಮಾಡಿದೆ. "ಮನೆ ಆಯಿತೇನಪ್ಪಾ?" ಎಂದರು. ಆಯಿತು, ಕತ್ರಿಗುಪ್ಪೆಯಲ್ಲಿ, ಎಂದೆ. ಬಾಗಿಲು ಯಾವ ಕಡೆ ಎಂದು ಅವರು ಕೇಳಿದರೋ, ನಾನೇ ಅವರು ಕೇಳುತ್ತಾರೆ ಎಂದುಕೊಂಡೆನೋ ಈಗ ಸರಿಯಾಗಿ ನೆನಪಿಲ್ಲ. ಅಷ್ಟರಲ್ಲಿ ಎರಡನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಹೆಂಡತಿ ಕೈ ಬೀಸಿ ಕರೆದಳು, ಹೋಗಿ ಕೂತೆ.